ಏನಿಲ್ಲ ಸಾರ್

ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮನೆಯಲ್ಲಿ ಹುಟ್ಟಿದ ಅಮರೇಶ್ ಪಿ.ಟಿ. ಮೇಷ್ಟ್ರಾಗಿದ್ದು ಅವನ ಅಪ್ಪನಿಗೆ ಕೊನೆಯವರೆಗೂ ಒಗ್ಗಲಿಲ್ಲ. ಮನೆಗೆ ವ್ಯಾಪಾರದವರು ಯಾರಾದರೂ ಬಂದರೆ, "ದೊಡ್ಡೋನು ಮಿಲ್ಲು ನೋಡ್ಕೊಂತಾನೆ, ಚಿಕ್ಕೋನು ಪೀಪಿ ಊದ್ತಾನೆ" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಬಂದವರು ನಕ್ಕರೆ ಅಮರೇಶ್ ಊಟದ ತಟ್ಟೆ ತಳ್ಳಿ ಎದ್ದು ಹೋಗುತ್ತಿದ್ದ. ಅವನ ಸಿಟ್ಟೇ ಹಾಗೆ, ಶೇಂಗಾ ಹೊಟ್ಟಿನ ರಾಶಿಗೆ ಕಿಡಿ ಬಿದ್ದಂತೆ. ಹೊತ್ತಿಕೊಂಡದ್ದು ಅವನಿಗೇ ತಿಳಿಯುತ್ತಿರಲಿಲ್ಲ. ತಿಳಿಯುವ ಹೊತ್ತಿಗೆ ಸುಡಬೇಕಾದ್ದೆಲ್ಲ ಸುಟ್ಟಿರುತ್ತಿತ್ತು.

ಕೆಲಸ ಸಿಕ್ಕಿದ್ದು ಮೊಳಕಾಲ್ಮುರು ತಾಲ್ಲೂಕಿನಲ್ಲಿ, ದೇವಸಮುದ್ರ ದಾಟಿ ಆಂಧ್ರದ ಗಡಿ ಕಡೆಗಿರುವ ಬಂಡೆಹಟ್ಟಿ ಎಂಬ ಊರಿನ ಹೈಸ್ಕೂಲಿನಲ್ಲಿ. ವಾರವೆಲ್ಲ ಮೊಳಕಾಲ್ಮುರಿನಲ್ಲಿ ಬಾಡಿಗೆ ರೂಮು, ಶನಿವಾರ ಮಧ್ಯಾಹ್ನ ಚಳ್ಳಕೆರೆ ಬಸ್ಸು. ಶಾಲೆಗೆ ಆಟದ ಸಾಮಾನು ಅಂತ ಇದ್ದದ್ದು ಗಾಳಿ ಹೋದ ಒಂದು ವಾಲಿಬಾಲು ಮಾತ್ರ. ಖೋಖೋಗಾದರೆ ಎರಡು ಕಂಬ ಸಾಕು. ಎರಡು ಜಾಲಿ ಕಂಬ ಕೆತ್ತಿಸಿ ನೆಟ್ಟ, ಮೈದಾನದ ಕಲ್ಲುಗಳನ್ನು ಮಕ್ಕಳ ಜೊತೆ ತಾನೂ ಬಗ್ಗಿ ಆರಿಸಿದ, ಹುಡುಗಿಯರ ತಂಡ ಕಟ್ಟಿದ. ಕುರಿ ಅಟ್ಟಿ ಬೆಳೆದ ಕಾಲುಗಳು. ಎರಡೇ ವರ್ಷಕ್ಕೆ ತಂಡ ತಾಲ್ಲೂಕು ಫೈನಲ್ಲಿಗೆ ಬಂತು.

ಆ ಫೈನಲ್ಲಿನಲ್ಲಿ ಔಟಲ್ಲದ ಹುಡುಗಿಯನ್ನು ಅಂಪೈರು ಔಟ್ ಎಂದ. ಅಮರೇಶ್ ಗೆರೆ ದಾಟಿ ಹೋಗಿ ಅವನ ಕೊರಳಪಟ್ಟಿ ಹಿಡಿದ. ಜನ ಸೇರಿ ಬಿಡಿಸಿದರು, ತಂಡವನ್ನು ಆಟದಿಂದ ಹೊರಗೆ ಹಾಕಿದರು. ಟೆಂಪೋದಲ್ಲಿ ವಾಪಸು ಬರುತ್ತಿದ್ದರು. ದೇವಸಮುದ್ರದ ಹತ್ತಿರ ಹಿಂದಿನ ಸೀಟಿನಿಂದ ಒಂದು ಹುಡುಗಿ, "ನಾವು ಗೆಲ್ತಿದ್ವಿ ಸಾರ್" ಎಂದಳು. ದೂರಿನ ದನಿಯೇನೂ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಮರೇಶ್ ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ.

ಶಾಂತವೀರಪ್ಪನವರು ಅವನ ಬದುಕಿಗೆ ಬಂದದ್ದು ಆಗಲೇ. ಚಳ್ಳಕೆರೆಯವರೇ, ಹೊರ ಊರಿನ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿ ನಿವೃತ್ತರಾಗಿ ಬಂದಿದ್ದವರು. ಭಾನುವಾರ ಬೆಳಿಗ್ಗೆ ಚಳ್ಳಕೆರೆಯ ಮೈದಾನದಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ನಡೆಯುತ್ತಿದ್ದರು. ಸುತ್ತು ಮುಗಿಸಿ ಮೆಟ್ಟಿಲ ಮೇಲೆ ಕೂತಾಗ ಪಕ್ಕದಲ್ಲಿದ್ದ ಅಮರೇಶನನ್ನು ನೋಡಿ, "ಅಂಪೈರಿನ ಅಂಗಿ ಹರಿದೋನು ನೀನೇ ಏನಪ್ಪ?" ಎಂದರು.

ಅಮರೇಶ್ ತಲೆ ತಗ್ಗಿಸಿದ.

"ಅಂಗಿ ಹರಿದ್ಯಲ್ಲ, ತೀರ್ಪು ಬದಲಾಯ್ತಾ?"

"ಇಲ್ಲ ಸರ್."

"ಬದಲಾಗಲ್ಲ. ಅದು ನಿನ್ನ ಕೈಲಿ ಇರೋದಲ್ಲ. ನಿನ್ನ ಕೈಲಿ ಇದ್ದದ್ದು ಒಂದೇ, ನೀನು ಏನು ಮಾಡ್ತೀಯ ಅನ್ನೋದು. ಇರೋ ಅದೊಂದನ್ನ ಬಿಟ್ಟು, ಇಲ್ಲದ್ದಕ್ಕೆ ಕೈ ಹಾಕಿದೆ ನೋಡು."

ಆಮೇಲೆ ಅವರು ಸ್ಟೋಯಿಕರ ಕಥೆ ಹೇಳಿದರು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್ ದೇಶದಲ್ಲಿ ಪೇಟೆಯ ಪಕ್ಕದ ಒಂದು ಕಂಬಸಾಲಿನ ಪಡಸಾಲೆಯಲ್ಲಿ ಕೂತು ಪಾಠ ಹೇಳುತ್ತಿದ್ದವರು. ಆ ಪಡಸಾಲೆಯ ಹೆಸರೇ ಅವರಿಗೂ ಬಂತು. ಮುಂದೆ ರೋಮಿನಲ್ಲಿ ಗುಲಾಮನಾಗಿದ್ದವನೊಬ್ಬ ಅದನ್ನು ಕಲಿಸಿದ, ಚಕ್ರವರ್ತಿಯೊಬ್ಬ ಅದರಂತೆ ಬಾಳಲು ನೋಡಿದ. "ಪಾಠ ಒಂದೇ ಕಣಪ್ಪ. ಹಣ, ಹೆಸರು, ಆರೋಗ್ಯ, ಮಂದಿ ಮಾತು, ಇವ್ಯಾವೂ ಪೂರ್ತಿ ನಮ್ಮವಲ್ಲ. ನಮ್ಮ ನಡತೆ ಮಾತ್ರ ನಮ್ಮದು. ಅದು ನೆಟ್ಟಗಿದ್ರೆ ಬದುಕು ನೆಟ್ಟಗೈತೆ ಅಂತ ಲೆಕ್ಕ." ನಾಲ್ಕು ಗುಣಗಳನ್ನೂ ಹೇಳಿದರು: ವಿವೇಕ, ಧೈರ್ಯ, ಸಂಯಮ, ನ್ಯಾಯ. ಅಮರೇಶನ ಕಿವಿಯಲ್ಲಿ ಆವತ್ತು ನಿಂತದ್ದು ನಡುವಿನ ಎರಡು. ಧೈರ್ಯ, ಸಂಯಮ. ಅವನಿಗೆ ಆಗ ಬೇಕಾಗಿದ್ದದ್ದೂ ಅವೇ.

ಅಲ್ಲಿಂದ ಅವನು ನಿಜವಾಗಿಯೂ ಬದಲಾದ. ಸಿಟ್ಟು ಬಂದಾಗ, ಇದು ನನ್ನ ಕೈಲಿದೆಯೋ ಇಲ್ಲವೋ ಎಂದು ಕೇಳಿಕೊಳ್ಳುವುದನ್ನು ರೂಢಿ ಮಾಡಿಕೊಂಡ. ಅಪ್ಪ ಪೀಪಿ ಎಂದರೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ. ಆ ಅಪ್ಪ ಹಾಸಿಗೆ ಹಿಡಿದಾಗ ಮಲಮೂತ್ರವನ್ನೂ ಅವನೇ ತೆಗೆದ, ತೀರಿಕೊಂಡಾಗ ಒಂದು ಮಾತು ಜೋರಾಗಿ ಆಡದೆ ಅಣ್ಣನಿಗೆ ಮಿಲ್ಲು ಬಿಟ್ಟುಕೊಟ್ಟ. ಹೆಂಡತಿ ವಾಣಿಶ್ರೀ ತನ್ನ ತಾಯಿಗೆ, "ನಮ್ಮನೆಯವರಿಗೆ ಸಿಟ್ಟು ಅನ್ನೋದೇ ಬರಲ್ಲ ಅವ್ವ" ಎಂದು ಫೋನಿನಲ್ಲಿ ಹೇಳುವುದನ್ನು ಕೇಳಿಸಿಕೊಂಡು ಒಳಗೊಳಗೇ ಹಿಗ್ಗಿದ. ತನಗೆ ದಾರಿ ತೋರಿಸಿದ್ದನ್ನು ಮಕ್ಕಳಿಗೂ ಕೊಡಬೇಕು ಎಂದು ಅವನಿಗೆ ಅನ್ನಿಸಿದ್ದರಲ್ಲಿ ತಪ್ಪೇನಿರಲಿಲ್ಲ.

ಬಂಡೆಹಟ್ಟಿಯ ಮೈದಾನದ ಅಂಚಿಗೆ ಒಂದು ಹೊಂಗೆ ಮರ. ಆಟಕ್ಕೆ ಮುಂಚೆ ಹುಡುಗಿಯರನ್ನು ಅದರ ನೆರಳಿಗೆ ಕೂರಿಸಿ ಪಾಠ ಹೇಳುತ್ತಿದ್ದ.

"ಬಿಸಿಲು ನಮ್ಮ ಕೈಲೈತಾ?"

"ಇಲ್ಲ ಸಾರ್."

"ಅಂಪೈರು?"

"ಇಲ್ಲ ಸಾರ್."

"ನಮ್ಮ ಕಾಲು?"

"ನಮ್ಮ ಕಾಲು ನಮ್ಮ ಕೈಲೈತೆ ಸಾರ್" ಎಂದು ಕೂಗಿ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಅಮರೇಶನೂ ನಗುತ್ತಿದ್ದ.

ಆ ಪಾಠವನ್ನು ನಗೆಯಾಚೆಗೆ ಒಯ್ದವಳು ಪವಿತ್ರ. ಕುರಿ ಸಾಕುವ ಕಾಟಪ್ಪನ ಮಗಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ಮಾತು ಕಡಿಮೆ. ಓಡಿದರೆ ಮಾತ್ರ ನೋಡಬೇಕು. ಬೆನ್ನ ಹಿಂದೆ 'ಖೋ' ಬಿದ್ದ ಚಣಕ್ಕೆ ಎದ್ದು, ಮೈ ಬಗ್ಗಿಸಿ, ಕಂಬ ಹಿಡಿದು ಗರ್ರನೆ ತಿರುಗಿದಳೆಂದರೆ ಎದುರಿನ ಓಟಗಾರ್ತಿ ಆ ಕಡೆಯೋ ಈ ಕಡೆಯೋ ಎಂದು ಯೋಚಿಸುವುದರೊಳಗೆ ಬೆನ್ನಿಗೆ ಕೈ ತಾಗಿರುತ್ತಿತ್ತು. ಪೊಲೀಸ್ ಆಗಬೇಕು ಅನ್ನುವುದು ಅವಳ ಆಸೆ. ಮೊಳಕಾಲ್ಮುರು ಬಸ್‌ಸ್ಟ್ಯಾಂಡಿನಲ್ಲಿ ಲಾಠಿ ಹಿಡಿದು ನಿಂತ ಹೆಣ್ಣು ಪೊಲೀಸನ್ನು ನೋಡಿದಾಗಿನಿಂದ ಅದೇ. "ಓಟದಾಗೆ, ಹೈಜಂಪಿನಾಗೆ ನಿನ್ನ ಹಿಡಿಯೋರಿಲ್ಲ ಬಿಡು" ಎಂದಿದ್ದ ಅಮರೇಶ್.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅವಳ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿಕೊಂಡಿತು. ಆಟ ಮುಗಿಯುವವರೆಗೂ ಹೇಳಲಿಲ್ಲ. ಮುಗಿದ ಮೇಲೆ ಕೂತು ಮುಳ್ಳು ಕಿತ್ತಾಗ ರಕ್ತ ನೋಡಿ ಉಳಿದವರು ಹೌಹಾರಿದರು. ಅಮರೇಶ್ ಎಲ್ಲರನ್ನೂ ಕರೆದು ನಿಲ್ಲಿಸಿ, "ನೋಡಿ, ಇದು ಧೈರ್ಯ. ನೋವು ಬರೋದು ನಮ್ಮ ಕೈಲಿಲ್ಲ. ಅಯ್ಯೋ ಅನ್ನೋದು ಬಿಡೋದು ನಮ್ಮ ಕೈಲೈತೆ. ಪವಿತ್ರನ್ನ ನೋಡಿ ಕಲೀರಿ" ಎಂದ. ಚಪ್ಪಾಳೆ ತಟ್ಟಿಸಿದ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರಿಂದಲೂ ಒಂದು ಹೊಗಳಿಕೆ ಕೇಳದ ಹುಡುಗಿ ಅವಳು. ಆ ಚಪ್ಪಾಳೆಗೆ ಅವಳ ಮುಖ ಅರಳಿದ್ದು ಅವನಿಗೆ ಈಗಲೂ ಕಣ್ಣ ಮುಂದಿದೆ. ಎಷ್ಟೋ ಸಲ ಅವನು ಅಂದುಕೊಂಡಿದ್ದಾನೆ, ಆ ಒಂದು ಸಂಜೆ ಬಾಯಿ ಮುಚ್ಚಿಕೊಂಡು ಹುಡುಗಿಯ ಕಾಲಿಗೆ ಬಟ್ಟೆ ಕಟ್ಟಿ ಮನೆಗೆ ಕಳಿಸಿದ್ದರೆ ಸಾಕಾಗಿತ್ತು ಎಂದು.

ಮರುವರ್ಷ ಹತ್ತನೇ ಕ್ಲಾಸು. ತಾಲ್ಲೂಕು ಮ್ಯಾಚಿಗೆ ಇನ್ನೂ ಸಮಯವಿತ್ತು, ಅಭ್ಯಾಸ ನಡೆದಿತ್ತು. ಪವಿತ್ರ ಕಂಬ ಹಿಡಿದು ತಿರುಗಿದಳು. ಮೈ ತಿರುಗಿತು, ನೆಲಕ್ಕೆ ಊರಿದ್ದ ಬಲಗಾಲು ತಿರುಗಲಿಲ್ಲ. ಹಸಿ ಕಡ್ಡಿ ಮುರಿದಂತೆ 'ಟಕ್' ಎಂದದ್ದು ಮೈದಾನದ ಅಂಚಿನಲ್ಲಿದ್ದ ಅಮರೇಶನಿಗೂ ಕೇಳಿಸಿತು. ಅವಳು ಬಿದ್ದಳು. ಮುಖ ಸುಣ್ಣದಂತೆ ಬಿಳಿಚಿತು.

"ಏನಾಯ್ತು ಪವಿತ್ರ?"

"ಏನಿಲ್ಲ ಸಾರ್."

ಎದ್ದಳು. ಕಂಬ ಹಿಡಿದುಕೊಂಡು ಒಂದು ಗಳಿಗೆ ನಿಂತಳು. ಆಮೇಲೆ ಹೋಗಿ ತನ್ನ ಚೌಕದಲ್ಲಿ ಕೂತಳು. ಕೂರುವಾಗ ಅವಳ ತುಟಿ ಹಲ್ಲಿನ ನಡುವೆ ಇದ್ದದ್ದನ್ನು ಅಮರೇಶ್ ನೋಡಿದ. ನೋಡಿ, ಸೀಟಿ ಊದಿದ. ಆಟ ಮುಂದುವರಿಯಿತು.

ಆ ಹೊತ್ತಿನಲ್ಲಿ ತನ್ನೊಳಗೆ ಏನಾಯಿತು ಅನ್ನುವುದನ್ನು ಅವನು ಬಹಳ ಕಾಲ ತನಗೇ ಹೇಳಿಕೊಳ್ಳಲಿಲ್ಲ. ಆಗಿದ್ದು ಗಾಬರಿಯಲ್ಲ. ಸಂತೋಷ. ನನ್ನ ಪಾಠ ಒಂದು ಮಗುವಿನಲ್ಲಾದರೂ ಬೇರು ಬಿಟ್ಟಿತಲ್ಲ ಎಂಬ ಸಂತೋಷ.

ಮರುದಿನ ಪವಿತ್ರ ಮೊಣಕಾಲಿಗೆ ಚೂಡಿದಾರದ ಒಳಗೆ ಬಟ್ಟೆ ಬಿಗಿದುಕೊಂಡು ಬಂದಳು. ಕೇಳಿದ್ದಕ್ಕೆ ಮತ್ತೆ, ಏನಿಲ್ಲ ಸಾರ್. ತಾಲ್ಲೂಕು ಗೆದ್ದರು. ಚಿತ್ರದುರ್ಗದಲ್ಲಿ ಜಿಲ್ಲೆ ಗೆದ್ದರು. ಬಂಡೆಹಟ್ಟಿಯ ಶಾಲೆ ಅಲ್ಲಿಯವರೆಗೆ ಹೋದದ್ದು ಅದೇ ಮೊದಲು. ಹೆಡ್‌ಮೇಷ್ಟ್ರು ಪೇಡ ತರಿಸಿ ಹಂಚಿದರು. ಪವಿತ್ರ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಅದೂ ಅವನ ಕಣ್ಣಿಗೆ ಬಿದ್ದಿತ್ತು.

ತುಮಕೂರಿನಲ್ಲಿ ವಿಭಾಗ ಮಟ್ಟದ ಆಟ. ಎರಡನೇ ಪಾಳಿಯಲ್ಲಿ ಪವಿತ್ರ ಎದ್ದು ನಾಲ್ಕು ಹೆಜ್ಜೆ ಓಡಿರಬೇಕು, ಮಂಡಿ ಹಾಗೇ ಹಿಡಿದುಕೊಂಡು ಮುಗ್ಗರಿಸಿದಳು. ಈ ಸಲ ಕಾಲು ಮಡಿಸಿಕೊಂಡ ಹಾಗೇ ನಿಂತುಬಿಟ್ಟಿತ್ತು, ಎಷ್ಟು ಎಳೆದರೂ ನೆಟ್ಟಗಾಗಲಿಲ್ಲ. ಸ್ಟ್ರೆಚರಿನ ಮೇಲೆ ಎತ್ತಿ ಹಾಕುವಾಗಲೂ ಅವಳು ಕೂಗಲಿಲ್ಲ. ಕಣ್ಣು ಮಾತ್ರ ಅಮರೇಶನನ್ನೇ ನೋಡುತ್ತಿತ್ತು. ಸರಿಯಾಗಿ ತಡೆದುಕೊಂಡೆನಾ ಸಾರ್ ಎಂದು ಕೇಳುತ್ತಿರುವ ಹಾಗೆ.

ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾಟಪ್ಪ, ಅವನ ಹೆಂಡತಿ ನಿಂಗಕ್ಕ, ಅಮರೇಶ್, ಜೊತೆಗೆ ಪವಿತ್ರಳ ಗೆಳತಿ, ತಂಡದ ನಾಯಕಿ ರಶ್ಮಿತಾ. ಚೀಟಿ ಬರೆಯುತ್ತಿದ್ದವನು, "ಯಾವ ತಾಲ್ಲೂಕು?" ಎಂದ. "ಮೊಳಕಾಲ್ಮುರು" ಎಂದ ಕಾಟಪ್ಪ. ಮಂಡಿ ಮುರಿದುಕೊಂಡವಳು ಮೊಳಕಾಲ್ಮುರಿನವಳು! ಚೀಟಿಯವನಿಗೆ ನಗು ತಡೆಯಲಾಗಲಿಲ್ಲ. ಹುಡುಗಿಯ ಮುಖ ನೋಡಿದ ಮೇಲೆ ತಲೆ ತಗ್ಗಿಸಿ ಬರೆಯತೊಡಗಿದ.

ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಮೂಳೆ ಮೂಳೆಯನ್ನು ಕಟ್ಟಿ ಹಿಡಿಯುವ ಒಳಗಿನ ನಾರು ಹರಿದು ಬಹಳ ಕಾಲವಾಗಿದೆ, ಹರಿದ ಮಂಡಿಯ ಮೇಲೆ ಓಡಿ ಓಡಿ ನಡುವಿನ ಮೆತ್ತನೆಯ ಗಾದಿಯೂ ಚಿಂದಿಯಾಗಿದೆ ಎಂದರು. "ಮೊದಲು ಬಿದ್ದಾಗಲೇ ಕರ್ಕೊಂಡು ಬಂದಿದ್ರೆ ಬೇರೆ ಮಾತು. ಆಪರೇಷನ್ ಮಾಡ್ತೀವಿ, ನಡೀತಾಳೆ. ಆಟ, ಓಟ ಇನ್ನು ಬೇಡ. ಯಾಕಮ್ಮ, ಇಷ್ಟು ದಿನ ನೋವು ಇರಲಿಲ್ವಾ?"

ಪವಿತ್ರ ರಶ್ಮಿತಾಳ ಕಡೆ ನೋಡಿದಳು.

"ಇತ್ತು ಸಾರ್" ಎಂದಳು ರಶ್ಮಿತಾ. "ರಾತ್ರಿಯೆಲ್ಲ ನಿದ್ದೆ ಬರಲ್ಲ ಅಂತಿದ್ಲು. ಯಾರಿಗೂ ಹೇಳಬೇಡ ಅಂತ ನನ್ನತ್ರ ಆಣೆ ಹಾಕಿಸ್ಕೊಂಡಿದ್ಲು."

ಹೊರಗಿನ ಬೆಂಚಿನ ಮೇಲೆ ನಿಂಗಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅಮರೇಶ್ ಹತ್ತಿರ ಹೋದ. ಏನು ಹೇಳಬೇಕೆಂದು ಹೋದನೋ, ಬಾಯಿಗೆ ಬಂದದ್ದು ರೂಢಿಯ ಮಾತು: "ಧೈರ್ಯ ತಗೋಬೇಕಮ್ಮ."

ನಿಂಗಕ್ಕ ತಲೆ ಎತ್ತಿದಳು. "ಧೈರ್ಯ ನೀವು ಕಲಿಸಿದ್ರಲ್ಲ ಸಾರ್, ಅದನ್ನ ಮಗು ಕಲ್ತುಕೊಂಡೈತೆ. ಅವ್ವಂಗೂ ಹೇಳಬಾರದು ಅಂತಲೂ ನೀವೇ ಕಲಿಸಿದ್ರಾ? ಒಂದೇ ಚಾಪೆ ಮೇಲೆ ನನ್ನ ಮಗ್ಗುಲಾಗೆ ಮಲಗ್ತಾಳೆ ಸಾರ್ ಅವಳು."

"ಪೋನೀಲೇ" ಎಂದ ಕಾಟಪ್ಪ ತೆಲುಗಿನಲ್ಲಿ, ಹೋಗಲಿ ಬಿಡು ಎಂದು. "ಮೇಷ್ಟ್ರು ಬೇಕು ಅಂತ ಮಾಡಿದ್ರಾ?"

ನಿಂಗಕ್ಕನ ಮಾತಿಗಿಂತ ಕಾಟಪ್ಪನ ಈ ಕ್ಷಮೆಯೇ ಅಮರೇಶನಿಗೆ ತಡೆಯಲಾರದ್ದಾಯಿತು.

ಮುಂದಿನ ಭಾನುವಾರ ಅವನು ಶಾಂತವೀರಪ್ಪನವರ ಮನೆಗೆ ಹೋದ. ಅವರು ಈಗ ಮೈದಾನಕ್ಕೆ ಬರುತ್ತಿರಲಿಲ್ಲ, ಕಣ್ಣು ಮಂದವಾಗಿತ್ತು. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಮರೇಶ್ ಎಲ್ಲ ಹೇಳಿದ. ಹೊಂಗೆ ಮರದ ಕೆಳಗಿನ ಪಾಠವನ್ನೂ ಹೇಳಿದ.

"ಕಾಲು ನಮ್ಮ ಕೈಲೈತೆ ಅಂತ ಹೇಳಿಕೊಟ್ಟೆಯಾ?" ಎಂದರು ಮುದುಕರು. "ಅದು ತಪ್ಪು ಪಾಠ ಕಣಪ್ಪ. ದೇಹ ನಮ್ಮ ಕೈಲಿಲ್ಲ ಅಂತಲೇ ಅವರು ಹೇಳಿದ್ದು. ಆ ಗುಲಾಮನಾಗಿದ್ದೋನು ಇದ್ದನಲ್ಲ, ಅವನೇ ಕುಂಟ. ಅವನಿಗೆ ಗೊತ್ತಿತ್ತು."

"ತಡ್ಕೊಳ್ಳೋದು ಧೈರ್ಯ ಅಂತ ನೀವು..."

"ಹೇಳಿದ್ದೆ. ನಿನ್ನ ನೋವನ್ನ ನೀನು ತಡ್ಕೊಂಡ್ರೆ ಅದು ಧೈರ್ಯ. ಇನ್ನೊಬ್ಬರ ನೋವನ್ನ ತಡ್ಕೊಳ್ಳೋಕೆ ಧೈರ್ಯ ಯಾತಕ್ಕೆ ಬೇಕು? ಅದು ಎಲ್ಲರಿಗೂ ಬರ್ತದೆ. ನಾಲ್ಕು ಹೇಳಿದ್ದೆನಲ್ಲ, ಅದರಾಗೆ ನ್ಯಾಯ ಅಂತ ಒಂದಿತ್ತು. ನಮ್ಮ ಕೈಕೆಳಗೆ ಇರೋರಿಗೆ ನಾವು ಏನು ಕೊಡಬೇಕೋ ಅದು. ವಿವೇಕ ಅಂತ ಒಂದಿತ್ತು. ಆ ಎರಡು ಇಲ್ಲದಿದ್ರೆ ಧೈರ್ಯ ಅನ್ನೋದು ಬರೀ ಮೊಂಡುತನ."

ಅಮರೇಶ್ ನೆಲ ನೋಡುತ್ತಾ ಕೂತಿದ್ದ.

"ಪೂರ್ತಿ ನಿನ್ನದೇ ತಪ್ಪು ಅನ್ನಲ್ಲ" ಎಂದರು ಶಾಂತವೀರಪ್ಪನವರು. "ನೀನು ಸಿಟ್ಟಿನೋನು ಅಂತ ನಿನಗೆ ಬೇಕಾದ ಅರ್ಧ ಕೊಟ್ಟೆ. ಇನ್ನರ್ಧ ಆಮೇಲೆ ಕೊಟ್ರಾಯ್ತು ಅಂದ್ಕೊಂಡೆ. ನೀನು ನೆಮ್ಮದಿಯಾಗಿ ಕಾಣ್ತಿದ್ದೆ. ನನಗೂ ಸಾಕು ಅನ್ನಿಸ್ತು." ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಹೋಗಿ ಆ ಮಗೂನ ನೋಡು. ಏನು ಹೇಳಬೇಕು ಅಂತ ನನ್ನ ಕೇಳಬೇಡ. ನಿಜ ಹೇಳು, ಅಷ್ಟೇ."

ಆಪರೇಷನ್ ಆಗಿ ಪವಿತ್ರ ಮನೆಗೆ ಬಂದಿದ್ದಳು. ಅಮರೇಶ್ ಹೋದಾಗ ಮುಂದಿನ ಚಪ್ಪರದ ಕೆಳಗೆ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು. ಪಕ್ಕದಲ್ಲಿ ಊರುಗೋಲು. ಕಾಟಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ನಿಂಗಕ್ಕ ಮುಖ ಸಿಂಡರಿಸಿಕೊಂಡೇ ಚಾಪೆ ಹಾಸಿ ನೀರು ತಂದಿಟ್ಟು ಒಳಗೆ ಹೋದಳು.

ಪವಿತ್ರಳೇ ಮೊದಲು ಮಾತಾಡಿದಳು. "ಬೇಜಾರು ಮಾಡ್ಕೋಬೇಡಿ ಸಾರ್. ಆಗಿದ್ದು ನಮ್ಮ ಕೈಲಿಲ್ಲ ಅಲ್ವಾ."

ತಾನು ಕಲಿಸಿದ ಮಾತು ಅವಳ ಬಾಯಿಂದ ತನಗೇ ಸಮಾಧಾನವಾಗಿ ಬಂದಿತ್ತು. ಅಮರೇಶ್ ಅವಳ ಕೈಯಲ್ಲಿನ ಕಾಯಿಗಳನ್ನೇ ನೋಡಿದ. ಅವಳು ಹೆಬ್ಬೆರಳಿನಿಂದ ಒತ್ತಿ ಸಿಪ್ಪೆ ಒಡೆಯುತ್ತಿದ್ದಳು, ಕಾಳು ಮೊರಕ್ಕೆ ಬೀಳುತ್ತಿತ್ತು. ಅವಳು ಕೈ ನಿಲ್ಲಿಸಿದಳು.

"ಸಾರ್, ಒಂದು ಕೇಳ್ಲಾ? ಅವತ್ತು ಕಂಬದ ಹತ್ರ ಬಿದ್ದೆನಲ್ಲ. ನನಗೆ ಏನೋ ಆಗೈತೆ ಅಂತ ನಿಮಗೆ ಗೊತ್ತಾಗಿತ್ತಾ?"

ಗೊತ್ತಾಗಲಿಲ್ಲಮ್ಮ ಎಂದರೆ ಮುಗಿಯುತ್ತಿತ್ತು. ಅವಳೂ ಅದನ್ನೇ ಬಯಸಿ ಕೇಳಿದ್ದಳು. ಗೊತ್ತಾಗಿದ್ದರೆ ಸಾರ್ ಬಿಡುತ್ತಿದ್ದರಾ ಎಂಬ ನಂಬಿಕೆ ಅವಳ ಕಣ್ಣಿನಲ್ಲಿ ಇನ್ನೂ ಇತ್ತು. ಅಂಥ ನಂಬಿಕೆಯನ್ನು ಉಳಿಸುವುದೂ ಒಂದು ದಯೆಯೇ ಅಲ್ಲವೇ ಎಂದು ಮನಸ್ಸು ದಾರಿ ಹುಡುಕಿತು. ದಯೆ ಯಾರ ಮೇಲೆ ಎಂದು ಕೇಳಿಕೊಂಡ. ಉತ್ತರ ಅವನಿಗೆ ಹಿಡಿಸಲಿಲ್ಲ.

"ಗೊತ್ತಾಗಿತ್ತು" ಎಂದ. "ಶಬ್ದ ಕೇಳಿಸಿತ್ತು. ನಿನ್ನ ಮುಖಾನೂ ನೋಡಿದ್ದೆ. ಆಟ ನಿಲ್ಲಿಸೋದು ನನ್ನ ಕೈಲಿತ್ತು ಪವಿತ್ರ. ನಾನು ನಿಲ್ಲಿಸ್ಲಿಲ್ಲ. ನೀನು ತಡ್ಕೊಂಡಿದ್ದು ನೋಡಿ ನನಗೆ ಹೆಮ್ಮೆ ಆಯ್ತು. ನನ್ನದು ತಪ್ಪು."

ಪವಿತ್ರ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದಳು. ಊರುಗೋಲು ಎಳೆದುಕೊಂಡು, ಕಂಬ ಹಿಡಿದು, ನಿಧಾನವಾಗಿ ಎದ್ದಳು. ಹಿಡಿಯಲು ಹೋದ ಅವನ ಕೈಯನ್ನು ನೋಡದವಳಂತೆ ಹೊಸ್ತಿಲು ದಾಟಿ ಒಳಗೆ ಹೋದಳು. ಅಮರೇಶ್ ಬಹಳ ಹೊತ್ತು ಕಾದ. ಅವಳು ಹೊರಗೆ ಬರಲಿಲ್ಲ.

ಕೆಲವು ದಿನಗಳ ಮೇಲೆ ದೇವಸಮುದ್ರದ ಸಂತೆಯಲ್ಲಿ ನಿಂಗಕ್ಕ ಸಿಕ್ಕಳು. ನೋಡಿಯೂ ನೋಡದಂತೆ ಹೋಗುತ್ತಾಳೆ ಎಂದುಕೊಂಡಿದ್ದ, ಅವಳೇ ನಿಂತಳು. "ನೀವು ಹೋದ ಮೇಲೆ ಅತ್ತಳು ಸಾರ್. ನನ್ನ ತೊಡೆ ಮೇಲೆ ತಲೆ ಇಟ್ಕೊಂಡು ಹೊತ್ತು ಮುಳುಗೋವರೆಗೂ ಅತ್ತಳು. ಆಸ್ಪತ್ರೆಯಾಗೂ ಅತ್ತಿರಲಿಲ್ಲ." ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. "ನಿಮ್ಮ ಮೇಲೆ ಸಿಟ್ಟೈತೆ. ಇರಲಿ ಬಿಡಿ. ಅಳೋದು ಬಂತಲ್ಲ, ಅಷ್ಟು ಸಾಕು ನನಗೆ."

ಪವಿತ್ರ ಹತ್ತನೇ ಕ್ಲಾಸು ಪಾಸಾಗಿ ಮೊಳಕಾಲ್ಮುರಿನ ಕಾಲೇಜಿಗೆ ಸೇರಿದಳು. ಶಾಲೆಯ ಕಡೆ ಮತ್ತೆ ಬರಲಿಲ್ಲ. ಪೊಲೀಸ್ ಕೆಲಸದ ಮಾತು ಆ ಮನೆಯಲ್ಲಿ ನಿಂತುಹೋಯಿತು ಎಂದು ರಶ್ಮಿತಾ ಒಮ್ಮೆ ಹೇಳಿದಳು.

ಅಮರೇಶ್ ಆಟ ಕಲಿಸುವುದನ್ನು ಬಿಡಲಿಲ್ಲ. ಬಿಟ್ಟುಬಿಡಬೇಕು ಎಂದು ಒಂದೆರಡು ಸಲ ಅನ್ನಿಸಿತ್ತು. ಅದೂ ತನ್ನ ಮನಸ್ಸಿನ ಭಾರ ಇಳಿಸಿಕೊಳ್ಳುವ ಉಪಾಯ ಎಂದು ಕಂಡು ಸುಮ್ಮನಾದ. ಈಗ ಅಭ್ಯಾಸ ಶುರುವಾಗುವ ಮೊದಲು ಒಬ್ಬೊಬ್ಬಳನ್ನೇ ನಿಲ್ಲಿಸಿ ಎಲ್ಲಿ ನೋಯುತ್ತದೆ ಎಂದು ಕೇಳುತ್ತಾನೆ. ಏನಿಲ್ಲ ಸಾರ್ ಎಂದವಳನ್ನು ಇನ್ನೊಂದು ಸಲ ಕೇಳುತ್ತಾನೆ. ಮೊದಮೊದಲು ಹುಡುಗಿಯರು ನಾಚುತ್ತಿದ್ದರು, ಆಮೇಲೆ ಹೊಟ್ಟೆನೋವಿಂದ ಹಿಡಿದು ಮನೆಯಲ್ಲಿನ ಜಗಳದವರೆಗೆ ಎಲ್ಲವನ್ನೂ ಹೇಳತೊಡಗಿದರು. ಆಟ ಅರ್ಧಕ್ಕೆ ನಿಲ್ಲುವುದು ಜಾಸ್ತಿಯಾಯಿತು, ತಂಡ ತಾಲ್ಲೂಕು ಮಟ್ಟ ದಾಟಿಲ್ಲ. "ಮೊದಲಿನ ಖದರು ಇಲ್ಲ ಕಣ್ರಿ ನಿಮ್ಮ ತಂಡಕ್ಕೆ" ಎಂದು ಹೆಡ್‌ಮೇಷ್ಟ್ರು ಅನ್ನುತ್ತಾರೆ. ಅಮರೇಶ್ ಹೌದು ಎನ್ನುತ್ತಾನೆ.

ಶಾಂತವೀರಪ್ಪನವರು ಮರುವರ್ಷ ತೀರಿಕೊಂಡರು. ಅವರು ಕಲಿಸಿದ್ದನ್ನು ಅವನು ಬಿಟ್ಟಿಲ್ಲ. ಹಿಂದಿನದು ನಮ್ಮ ಕೈಲಿಲ್ಲ, ಅದಕ್ಕಾಗಿ ಕೊರಗಬಾರದು ಎಂಬುದೂ ಅದೇ ಪಾಠದ ಒಂದು ಭಾಗ ಎಂದು ಅವನಿಗೆ ಗೊತ್ತು. ಅದೊಂದು ಭಾಗ ಮಾತ್ರ ಅವನಿಗೆ ಇನ್ನೂ ಬಂದಿಲ್ಲ. ಬರಲಿ ಎಂದು ಅವನು ಅಷ್ಟೇನೂ ಪ್ರಯತ್ನಿಸಿಯೂ ಇಲ್ಲ.

ಕಳೆದ ಮಾಘದಲ್ಲಿ ಅಣ್ಣನ ಮಗಳ ಮದುವೆಗೆ ಸೀರೆ ತರಲು ವಾಣಿಶ್ರೀಯನ್ನು ಕರೆದುಕೊಂಡು ಮೊಳಕಾಲ್ಮುರಿಗೆ ಹೋಗಿದ್ದ. ಪೇಟೆಯ ಒಂದು ರೇಷ್ಮೆ ಅಂಗಡಿ. ಬಿಳಿ ಹಾಸಿನ ಮೇಲೆ ಚಕ್ಕಳಬಕ್ಕಳ ಹಾಕಿ ಕೂತ ಹುಡುಗಿಯರು ಸೀರೆ ಬಿಚ್ಚಿ ಬಿಚ್ಚಿ ತೋರಿಸುತ್ತಿದ್ದರು. ಒಬ್ಬಳು ಮಾತ್ರ ಗೋಡೆಯ ಪಕ್ಕ ಗಿಡ್ಡ ಸ್ಟೂಲಿನ ಮೇಲೆ, ಬಲಗಾಲು ಮುಂದಕ್ಕೆ ಚಾಚಿಕೊಂಡು ಕೂತಿದ್ದಳು. ವಾಣಿಶ್ರೀ ಹೋಗಿ ಕೂತದ್ದು ಅವಳ ಮುಂದೆಯೇ.

ಪವಿತ್ರ ತಲೆ ಎತ್ತಿ ನೋಡಿದಳು. ಮುಖ ತುಂಬಿಕೊಂಡಿತ್ತು, ಜಡೆ ಹೋಗಿ ತುರುಬಾಗಿತ್ತು. "ನಮಸ್ಕಾರ ಸಾರ್" ಎಂದಳು. ಬಿ.ಕಾಂ. ಕೊನೆಯ ವರ್ಷ ಅಂತೆ, ಕ್ಲಾಸು ಮುಗಿದ ಮೇಲೆ ಇಲ್ಲಿ ಕೆಲಸ. ವಾಣಿಶ್ರೀ ಕೇಳಿದ ಬಣ್ಣಗಳನ್ನು ಒಂದೊಂದಾಗಿ ತೆಗೆದು ಹರಡಿದಳು. ಅಂಚು, ಸೆರಗು, ಬುಟ್ಟಾ ಎಲ್ಲ ಬೇಸರವಿಲ್ಲದೆ ವಿವರಿಸಿದಳು. ಅಮರೇಶ್ ಹಿಂದೆ ನಿಂತೇ ಇದ್ದ.

ವಾಣಿಶ್ರೀ ಎರಡು ಸೀರೆ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದಾಗ ಅವನು ಬಗ್ಗಿ, "ಕಾಲು ಹೆಂಗೈತಮ್ಮ ಈಗ?" ಎಂದ.

ಬಿಚ್ಚಿದ್ದ ಸೀರೆಯನ್ನು ಮಡಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನೋಯ್ತದೆ ಸಾರ್. ಚಳಿ ಬಂತಂದ್ರೆ ಭಾಳ ನೋಯ್ತದೆ. ಕೆಳಗೆ ಕೂತರೆ ಏಳಕಾಗಲ್ಲ, ಬಸ್ಸು ಹತ್ತೋದು ಕಷ್ಟ ಆಗ್ತದೆ." ಅವನ ಕಣ್ಣನ್ನು ನೇರವಾಗಿ ನೋಡಿ ಹೇಳಿದಳು. ದನಿಯಲ್ಲಿ ಸಿಟ್ಟು ಇದೆಯೇ ಎಂದು ಅವನು ಹುಡುಕಿದ. ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

"ಡಾಕ್ಟರ ಹತ್ರ..."

"ತೋರಿಸ್ತಾ ಇದೀನಿ ಸಾರ್."

ಅವನು ಇನ್ನೇನೋ ಹೇಳಬೇಕೆಂದಿದ್ದ. ಅಷ್ಟರಲ್ಲಿ ಪಕ್ಕದ ಗಿರಾಕಿ ಹೆಂಗಸು, "ಆ ಕೆಂಪಂಚಿಂದು ತೋರಿಸಮ್ಮ" ಎಂದಳು. ಪವಿತ್ರ ಗೋಡೆಗೆ ಕೈ ಊರಿ, ಕಾಲನ್ನು ಎಳೆದುಕೊಂಡು ಎದ್ದು, ಹಿಂದಿನ ಕಪಾಟಿನತ್ತ ತಿರುಗಿದಳು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ವಾಣಿಶ್ರೀ, "ಯಾರದು ಆ ಹುಡುಗಿ? ನಿಮಗೆ ಗುರ್ತಾ?" ಎಂದಳು. ಅಷ್ಟು ವರ್ಷ ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಅಮರೇಶ್ ಹೇಳತೊಡಗಿದ. ಚಳ್ಳಕೆರೆ ಬಸ್ಸು ಬಂತು, ತುಂಬಿ ಹೋಯಿತು. ವಾಣಿಶ್ರೀ ಹತ್ತೋಣ ಅನ್ನಲಿಲ್ಲ. ಸೀರೆಯ ಚೀಲ ಮಡಿಲಲ್ಲಿಟ್ಟುಕೊಂಡು ಸಿಮೆಂಟಿನ ಬೆಂಚಿನ ಮೇಲೆ ಅವನ ಪಕ್ಕ ಕೂತು ಕೇಳಿದಳು.